ಹೊಸ ಫೋನಿನ ಸ್ಕ್ರೀನಿನಲ್ಲಿ ಗೆರೆ, ಚುಕ್ಕೆ, ಮಿಣುಕು: ದೋಷ ಸಾಫ್ಟ್‌ವೇರಿನದೋ ಪ್ಯಾನೆಲಿನದೋ ಪತ್ತೆ ಮಾಡುವ ಬಗೆ

ತಂಗಿಗೆಂದು ತರಿಸಿದ ಫೋನು ಮೊದಲ ದಿನವೆಲ್ಲ ಚೆನ್ನಾಗಿಯೇ ಇತ್ತು. ಭಾಷೆ ಆರಿಸಿ, ವೈಫೈ ಪಾಸ್‌ವರ್ಡ್ ಹಾಕಿ ಎನ್ನುವ ಪುಟಗಳೆಲ್ಲ ಬಿಳಿ ಹಿನ್ನೆಲೆಯವು. ರಾತ್ರಿ ದೀಪ ಆರಿಸಿ ಮಲಗಿ ವಿಡಿಯೊ ನೋಡುವಾಗ ಬಲ ಅಂಚಿನಿಂದ ಬೆರಳಗಲ ಒಳಗೆ, ಮೇಲಿಂದ ಕೆಳಗಿನವರೆಗೂ ಒಂದು ಹಸಿರು ಗೆರೆ ಕಂಡಿತಂತೆ. ಕೂದಲೆಳೆಯಷ್ಟು ತೆಳು, ಆದರೆ ಒಮ್ಮೆ ಕಂಡ ಮೇಲೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಅವಳು ರೀಸ್ಟಾರ್ಟ್ ಮಾಡಿದಳು. ಹೋಗಲಿಲ್ಲ. ಮರುದಿನ ಅಪ್‌ಡೇಟ್ ಹಾಕಿದಳು. ಅದರ ಮರುದಿನ ಎಲ್ಲವನ್ನೂ ಅಳಿಸಿ ಮೊದಲಿನಂತಾಗಿಸುವ ಫ್ಯಾಕ್ಟರಿ ರೀಸೆಟ್. ಆಮೇಲೆ ಯಾರೋ ಹೇಳಿದರೆಂದು ಪಿಕ್ಸೆಲ್ (ಚಿತ್ರ ಮೂಡಿಸುವ ಸೂಕ್ಷ್ಮ ಚುಕ್ಕೆ) ಸರಿಪಡಿಸುವ ಆ್ಯಪ್ ಇಳಿಸಿಕೊಂಡು ರಾತ್ರಿಯಿಡೀ ಓಡಿಸಿದಳು. ಫೋನು ನನ್ನ ಕೈಗೆ ಬಂದಾಗ ಹಿಂತಿರುಗಿಸುವ ಗಡುವಿಗೆ ಎರಡೇ ದಿನ ಉಳಿದಿತ್ತು. ಆ ಗೆರೆ ಯಾವ ರೀಸೆಟ್‌ನಿಂದಲೂ ಹೋಗುವಂಥದ್ದಲ್ಲ ಎಂದು ತಿಳಿಯಲು ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷದ ಪರೀಕ್ಷೆಯನ್ನು ಅವಳು ಮೊದಲ ರಾತ್ರಿಯೇ ಮಾಡಬಹುದಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಫೋನು ಕೆಟ್ಟರೆ ಹೇಗಾದರೂ ಸರಿ ಮಾಡಿಕೊಳ್ಳುವುದು ನಮ್ಮ ಕೆಲಸ. ಹೊಸ ಫೋನಿನಲ್ಲಿ ಹಾಗಲ್ಲ. ಅದನ್ನು ಸರಿ ಮಾಡುವ ಹೊಣೆ ಮಾರಿದವರದು, ತಯಾರಿಸಿದವರದು. ನಮ್ಮ ಕೆಲಸ ದೋಷ ಯಾವುದೆಂದು ಖಚಿತವಾಗಿ ಗುರುತಿಸುವುದು, ಅದಕ್ಕೆ ಸಾಕ್ಷಿ ಇಟ್ಟುಕೊಳ್ಳುವುದು, ಗಡುವಿನೊಳಗೆ ಹೇಳುವುದು. ಕೆಳಗಿನ ಪರೀಕ್ಷೆಗಳೆಲ್ಲ ಈ ಉದ್ದೇಶದವು. ಒಂದರಲ್ಲೂ ಫೋನನ್ನು ಬಿಚ್ಚುವುದಿಲ್ಲ, ಒತ್ತುವುದಿಲ್ಲ, ಬಿಸಿ ಮಾಡುವುದಿಲ್ಲ.

ಪರೀಕ್ಷೆಗೆ ಮೊದಲು

ದೋಷ ಕಂಡ ಕೂಡಲೇ ಇನ್ನೊಂದು ಫೋನಿನಿಂದ ವಿಡಿಯೊ ತೆಗೆಯಿರಿ. ಮೊದಲು ಡಬ್ಬಿ, ಅದರ ಮೇಲಿನ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ. ನಂತರ ಫೋನಿನಲ್ಲಿ *#06# ಒತ್ತಿದಾಗ ಬರುವ 15 ಅಂಕಿಗಳ ಅದೇ ಸಂಖ್ಯೆ. ಎರಡೂ ಒಂದೇ ಎಂದು ವಿಡಿಯೊದಲ್ಲಿ ಕಾಣಬೇಕು. ಆಮೇಲೆ ದೋಷ. ಕೊನೆಗೆ, ಇದನ್ನೇ ಹೆಚ್ಚಿನವರು ಮರೆಯುವುದು, ಸ್ಕ್ರೀನ್ ಆಫ್ ಮಾಡಿ ಟಾರ್ಚ್ ಬೆಳಕನ್ನು ಗಾಜಿನ ಮೇಲೆ ಓರೆಯಾಗಿ ಹಾಯಿಸಿ, ನಾಲ್ಕು ಮೂಲೆ ಮತ್ತು ನಾಲ್ಕು ಅಂಚುಗಳನ್ನು ನಿಧಾನವಾಗಿ ತೋರಿಸಿ. ನೇರ ಬೆಳಕಿನಲ್ಲಿ ಕಾಣದ ಬಿರುಕು ಓರೆ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಬಿರುಕು ಇಲ್ಲದಿದ್ದರೆ ಇಲ್ಲವೆಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ‘ಫೋನು ಬಿದ್ದಿರಬೇಕು’ ಎಂಬ ಮಾತು ಮುಂದೆ ಬಂದಾಗ ನೆರವಿಗೆ ಬರುವುದು ಈ ತುಣುಕೇ.

ಆಮೇಲೆ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಗಮನಿಸಿ. ಕಾರ್ಖಾನೆಯಿಂದಲೇ ಅಂಟಿಸಿ ಬರುವ ತೆಳು ಹಾಳೆಯ ಗುಳ್ಳೆ, ಗೀರು, ಅದರ ಅಡಿಯ ಧೂಳಿನ ಕಣ ಇವನ್ನೆಲ್ಲ ಸ್ಕ್ರೀನಿನ ದೋಷವೆಂದು ತಿಳಿದು ಗಾಬರಿಪಡುವವರು ಬಹಳ ಮಂದಿ. ಅನುಮಾನವಿದ್ದರೆ ವಿಡಿಯೊ ತೆಗೆದ ಮೇಲೆ ಹಾಳೆಯನ್ನು ಕಿತ್ತೇ ನೋಡಿ. ಎಲ್ಲ ಪರೀಕ್ಷೆ ಮುಗಿಯುವವರೆಗೆ ಹೊಸ ಟೆಂಪರ್ಡ್ ಗ್ಲಾಸ್ ಮಾತ್ರ ಹಾಕಿಸಬೇಡಿ.

ಸ್ಕ್ರೀನ್‌ಶಾಟ್ ಹೇಳುವ ಸತ್ಯ

ಒಂದೇ ಒಂದು ಪರೀಕ್ಷೆ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ. ದೋಷ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಆ ಚಿತ್ರವನ್ನು ಬೇರೆ ಫೋನಿಗೋ ಕಂಪ್ಯೂಟರಿಗೋ ಕಳಿಸಿ ಅಲ್ಲಿ ತೆರೆದು ನೋಡಿ.

ಫೋನಿನ ಪ್ರೊಸೆಸರ್ ಪ್ರತಿ ದೃಶ್ಯವನ್ನೂ ಮೊದಲು ಮೆಮೊರಿಯಲ್ಲಿ ಸಿದ್ಧಪಡಿಸುತ್ತದೆ. ಅಲ್ಲಿಂದ ಅದು ಡಿಸ್‌ಪ್ಲೇ ಡ್ರೈವರ್ ಎಂಬ ಚಿಪ್‌ಗೆ, ಅಲ್ಲಿಂದ ಗಾಜಿನಡಿ ಚಿತ್ರ ಬೆಳಗಿಸುವ ಪ್ಯಾನೆಲ್‌ಗೆ ಹೋಗುತ್ತದೆ. ಸ್ಕ್ರೀನ್‌ಶಾಟ್ ಎಂದರೆ ಮೆಮೊರಿಯಲ್ಲಿದ್ದ ಚಿತ್ರದ ಪ್ರತಿ, ಗಾಜಿನ ಮೇಲೆ ನಿಮಗೆ ಕಂಡದ್ದರ ಫೋಟೊ ಅಲ್ಲ. ಆದ್ದರಿಂದ ಬೇರೆ ಫೋನಿನಲ್ಲಿ ತೆರೆದಾಗ ಗೆರೆ ಕಾಣದಿದ್ದರೆ, ಚಿತ್ರ ಮೆಮೊರಿಯಲ್ಲಿ ಸರಿಯಾಗಿಯೇ ಇತ್ತು, ಮುಂದಿನ ದಾರಿಯಲ್ಲಿ ಕೆಟ್ಟಿತು ಎಂದರ್ಥ. ಅದು ಹಾರ್ಡ್‌ವೇರ್ ದೋಷ. ಅಲ್ಲಿಯೂ ಗೆರೆ ಕಂಡರೆ ಚಿತ್ರ ಸಿದ್ಧವಾಗುವಾಗಲೇ ಕೆಟ್ಟಿದೆ. ಅಂಥದ್ದು ಬಹುಮಟ್ಟಿಗೆ ಸಾಫ್ಟ್‌ವೇರಿನದು.

ಬೇರೆ ಫೋನು ಕೈಯಲ್ಲಿಲ್ಲವೇ? ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ತೆರೆದು ಎರಡು ಬೆರಳಿನಿಂದ ಹಿಗ್ಗಿಸಿ, ಅತ್ತಿತ್ತ ಸರಿಸಿ. ಗೆರೆ ಚಿತ್ರದ ಜೊತೆ ಸರಿದರೆ ಅದು ಚಿತ್ರದೊಳಗಿದೆ. ಚಿತ್ರ ಸರಿದರೂ ಗೆರೆ ಇದ್ದಲ್ಲೇ ನಿಂತರೆ ಅದು ಪ್ಯಾನೆಲಿನದು. ತಂಗಿಯ ಫೋನಿನಲ್ಲಿ ನಾನು ಮಾಡಿದ್ದು ಇಷ್ಟೇ. ಗೋಡೆಯ ಕ್ಯಾಲೆಂಡರಿನ ಫೋಟೊವೊಂದನ್ನು ತೆರೆದು ಎಡಕ್ಕೆ ಎಳೆದೆ. ತಾರೀಖಿನ ಅಂಕಿಗಳು ಒಂದೊಂದಾಗಿ ಗೆರೆಯ ಕೆಳಗೆ ಹಾದು ಹೋದವು, ಗೆರೆ ಮಿಸುಕಲಿಲ್ಲ.

ಇನ್ನೂ ಸಂಶಯ ಉಳಿದರೆ ಫೋನನ್ನು ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೊ ಬರುವ ಆ ಕೆಲವು ಸೆಕೆಂಡು ಕಣ್ಣಿಟ್ಟು ನೋಡಿ. ಆಗ ನಿಮ್ಮ ಆ್ಯಪ್‌ಗಳು, ಥೀಮ್, ವಾಲ್‌ಪೇಪರ್ ಯಾವುವೂ ಇನ್ನೂ ಎದ್ದಿರುವುದಿಲ್ಲ. ಲೋಗೊದ ಕಪ್ಪು ಹಿನ್ನೆಲೆಯ ಮೇಲೂ ಗೆರೆ ಅದೇ ಜಾಗದಲ್ಲಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡುವುದು ವ್ಯರ್ಥ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ನೈಟ್ ಲೈಟ್‌ನಂಥ ಬಣ್ಣದ ಸೋಸುಕಗಳು ಸಾಮಾನ್ಯವಾಗಿ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ, ಏಕೆಂದರೆ ಅವು ಚಿತ್ರ ಸಿದ್ಧವಾದ ಮೇಲೆ, ಪ್ಯಾನೆಲ್‌ಗೆ ಹೋಗುವ ಹಾದಿಯಲ್ಲಿ ಬಣ್ಣ ಬದಲಿಸುತ್ತವೆ. ಸ್ಕ್ರೀನ್ ಹಳದಿಯಾಗಿ ಕಾಣುತ್ತಿದೆ, ಸ್ಕ್ರೀನ್‌ಶಾಟ್ ಬೆಳ್ಳಗಿದೆ ಎಂದಾಕ್ಷಣ ಹಾರ್ಡ್‌ವೇರಿನ ಮೇಲೆ ತಪ್ಪು ಹೊರಿಸಬಾರದು. ಗೆರೆ, ಚುಕ್ಕೆ, ಮಚ್ಚೆಗಳಿಗೆ ಈ ಪರೀಕ್ಷೆಯನ್ನು ಕಣ್ಣು ಮುಚ್ಚಿ ನಂಬಿ. ಬಣ್ಣ ಮತ್ತು ಮಿಣುಕಿಗೆ ಬೇರೆ ದಾರಿಯಿದೆ, ಮುಂದೆ ಬರುತ್ತದೆ.

ದೋಷ ಚಿತ್ರದೊಳಗೇ ಇದೆ ಎಂದಾದರೆ ಆ್ಯಂಡ್ರಾಯ್ಡ್‌ನಲ್ಲಿ ಸೇಫ್ ಮೋಡ್‌ಗೆ ಹೋಗಿ. ಹಲವು ಫೋನುಗಳಲ್ಲಿ ಪವರ್ ಮೆನು ತೆರೆದು ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಅದು ಬರುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ದೋಷ ಅಲ್ಲಿ ಮಾಯವಾದರೆ ಕಾರಣ ಯಾವುದೋ ಆ್ಯಪ್. ಹಾಗಾಗದಿದ್ದರೆ ಒಂದು ಅಪ್‌ಡೇಟ್, ಅದಕ್ಕೂ ಬಗ್ಗದಿದ್ದರೆ ಒಂದು ರೀಸೆಟ್. ಅಲ್ಲಿಗೆ ನಿಲ್ಲಿಸಿ. ಎರಡನೇ ರೀಸೆಟ್ ಹೊಸದೇನನ್ನೂ ಹೇಳುವುದಿಲ್ಲ, ಗಡುವಿನ ಒಂದು ದಿನವನ್ನು ಮಾತ್ರ ತಿನ್ನುತ್ತದೆ.

ಗೆರೆಗಳು

ಸ್ಕ್ರೀನಿನ ದೋಷಗಳಲ್ಲಿ ಗೆರೆಯಷ್ಟು ಸ್ಪಷ್ಟವಾಗಿ ತನ್ನ ಮೂಲವನ್ನು ಹೇಳುವುದು ಇನ್ನೊಂದಿಲ್ಲ. 1080 ಗುಣಿಸು 2400 ರೆಸೊಲ್ಯೂಷನ್‌ನ ಪ್ಯಾನೆಲಿನಲ್ಲಿ 25 ಲಕ್ಷ 92 ಸಾವಿರ ಪಿಕ್ಸೆಲ್‌ಗಳಿವೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ತಂತಿ ಎಳೆಯಲಾಗುವುದಿಲ್ಲ. ಆದ್ದರಿಂದ ನೇಯ್ಗೆಯ ಹಾಸು ಹೊಕ್ಕಿನಂತೆ ಅಡ್ಡ ತಂತಿಗಳು ಒಂದು ಸಾಲು, ಉದ್ದ ತಂತಿಗಳು ಒಂದು ಸಾಲು ಇರುತ್ತವೆ. ಅಡ್ಡ ತಂತಿ ಯಾವ ಸಾಲು ಈಗ ಬದಲಾಗಬೇಕೆಂದು ಹೇಳುತ್ತದೆ, ಉದ್ದ ತಂತಿ ಎಷ್ಟು ಬೆಳಗಬೇಕೆಂಬ ಮಾಹಿತಿ ಹೊತ್ತು ತರುತ್ತದೆ. ಉದ್ದ ತಂತಿಗಳೆಲ್ಲ ಸಾಮಾನ್ಯವಾಗಿ ಫೋನಿನ ಕೆಳ ಅಂಚಿನಲ್ಲಿರುವ ಡ್ರೈವರ್ ಚಿಪ್‌ಗೆ ಬಂದು ಸೇರುತ್ತವೆ.

ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ, ಒಂದೇ ಬಣ್ಣದ ಒಂದೇ ಗೆರೆ ಕಂಡರೆ ಅಂಥ ಒಂದು ಉದ್ದ ತಂತಿಯ ಸಂಪರ್ಕ ಕೆಟ್ಟಿದೆ ಎಂದು ತಿಳಿಯಿರಿ. ಸುಮಾರು 7 ಸೆಂಟಿಮೀಟರ್ ಅಗಲದಲ್ಲಿ 1080 ಪಿಕ್ಸೆಲ್ ಕೂತಿರುವಾಗ ಒಂದು ಪಿಕ್ಸೆಲಿನ ಅಗಲ 0.06 ಮಿಲಿಮೀಟರ್ ಆಸುಪಾಸು. ಕೂದಲೆಳೆಯೂ ಹೆಚ್ಚೂ ಕಡಿಮೆ ಅಷ್ಟೇ ದಪ್ಪ. ತಂಗಿ ‘ಕೂದಲಷ್ಟು’ ಎಂದದ್ದು ಅಳತೆಗೆ ಸರಿಯಾಗಿಯೇ ಇತ್ತು. ಆ ಗೆರೆ ಹಗಲಿನ ಬಿಳಿ ಪುಟಗಳಲ್ಲಿ ಕಾಣದೇ ಹೋದದ್ದಕ್ಕೂ ಕಾರಣವಿದೆ. ಬಿಳಿ ಎಂದರೆ ಕೆಂಪು, ಹಸಿರು, ನೀಲಿ ಮೂರೂ ಬೆಳಗುವುದು. ಹಸಿರು ಅಲ್ಲಿ ಹೇಗೂ ಬೆಳಗುತ್ತಿರುತ್ತದೆ, ಆರದೇ ಉಳಿದ ಹಸಿರು ಅದರಲ್ಲಿ ಸೇರಿಹೋಗುತ್ತದೆ. ಎಲ್ಲವೂ ಆರಬೇಕಾದ ಕಪ್ಪಿನಲ್ಲಿ ಅದೊಂದೇ ಉರಿಯುತ್ತ ಉಳಿಯುತ್ತದೆ. ಆದ್ದರಿಂದ ಹೊಸ ಫೋನನ್ನು ಬಿಳಿ ಪುಟದಲ್ಲಿ ಮಾತ್ರ ನೋಡಿ ‘ಚೆನ್ನಾಗಿದೆ’ ಎಂದುಬಿಡಬೇಡಿ.

ಅಡ್ಡಗೆರೆ ಕಂಡರೆ ಅಡ್ಡ ತಂತಿಯ ತೊಂದರೆ. ಒಟ್ಟಿಗೆ ಹತ್ತಾರು ಗೆರೆಗಳು, ಅರ್ಧ ಸ್ಕ್ರೀನ್ ಮಾತ್ರ ಕೆಲಸ ಮಾಡುವುದು, ಫೋನು ಬಿಸಿಯಾದಾಗ ಬಂದು ತಣ್ಣಗಾದಾಗ ಹೋಗುವುದು, ಇವು ಪ್ಯಾನೆಲನ್ನು ಮದರ್‌ಬೋರ್ಡಿಗೆ ಜೋಡಿಸುವ ಫ್ಲೆಕ್ಸ್ ಕೇಬಲ್ ಅಥವಾ ಚಿಪ್‌ನ ಬೆಸುಗೆಯತ್ತ ಬೆರಳು ತೋರುತ್ತವೆ. ಬಂದು ಹೋಗುವ ಗೆರೆಯೇ ಹೆಚ್ಚು ಕಷ್ಟ ಕೊಡುತ್ತದೆ, ಏಕೆಂದರೆ ತೋರಿಸಲು ಒಯ್ದಾಗ ಅದು ಇರುವುದಿಲ್ಲ. ಕಂಡಾಗಲೆಲ್ಲ ವಿಡಿಯೊ ತೆಗೆದಿಡಿ. ಅದರಲ್ಲಿ ಫೋನಿನ ಗಡಿಯಾರವೂ ಕಾಣುವಂತಿರಲಿ.

ಗೆರೆಯ ಬದಲು ಶಾಯಿ ಚೆಲ್ಲಿದಂಥ ಕಪ್ಪು ಮಚ್ಚೆ ಇದ್ದು, ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಅದು ಬೇರೆ ಕಥೆ. ಓಎಲ್‌ಇಡಿ, ಅಂದರೆ ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಬಗೆಯ ಪ್ಯಾನೆಲಿನಲ್ಲಿ, ಬೆಳಗುವ ಪದರಕ್ಕೆ ಗಾಳಿಯ ಆಮ್ಲಜನಕ ಮತ್ತು ತೇವ ತಾಗಬಾರದು. ರಕ್ಷಣೆಯ ಪದರ ಒಡೆದರೆ ಅವು ಒಳಸೇರಿ ಒಂದೊಂದೇ ಪಿಕ್ಸೆಲನ್ನು ಕೊಲ್ಲುತ್ತ ಹೋಗುತ್ತವೆ. ಇಂಥದ್ದು ಸಾಮಾನ್ಯವಾಗಿ ಪೆಟ್ಟಿನಿಂದ ಆಗುತ್ತದೆ. ನೀವು ಬೀಳಿಸಿಲ್ಲದಿದ್ದರೆ ಸಾಗಾಟದಲ್ಲಿ ಪೆಟ್ಟು ಬಿದ್ದಿರಬಹುದು, ಅದಕ್ಕೆ ಪಾರ್ಸೆಲ್ ಡಬ್ಬಿಯ ಜಜ್ಜಿದ ಮೂಲೆಯೇ ಸಾಕ್ಷಿ. ಡಬ್ಬಿಯನ್ನು ಎಸೆಯಬೇಡಿ. ಇಂಥ ಮಚ್ಚೆ ಕಂಡ ದಿನವೇ ದೂರು ಕೊಡಿ, ಎರಡು ದಿನ ಬಿಟ್ಟರೆ ‘ನಿಮ್ಮ ಕೈಯಲ್ಲೇ ಆದದ್ದು’ ಎಂಬ ಮಾತಿಗೆ ಬಲ ಬರುತ್ತದೆ.

ಚುಕ್ಕೆಗಳು

ಮೊದಲು ಸ್ಕ್ರೀನನ್ನು ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಆಮೇಲೂ ಚುಕ್ಕೆ ಉಳಿದರೆ ತಲೆಯನ್ನು ಬಲಕ್ಕೂ ಎಡಕ್ಕೂ ವಾಲಿಸಿ ನೋಡಿ. ಹಿಂದಿನ ಅಕ್ಷರಗಳಿಗೆ ಹೋಲಿಸಿದರೆ ಚುಕ್ಕೆ ತುಸು ಸರಿದಂತೆ ಕಂಡರೆ ಅದು ಗಾಜಿನ ಮೇಲಿನ ಅಥವಾ ಗಾಜಿನೊಳಗಿನ ಕಣ. ಅಕ್ಷರಗಳ ಜೊತೆಗೇ ಅಂಟಿಕೊಂಡಂತಿದ್ದರೆ ಅದು ಪಿಕ್ಸೆಲ್.

ನಂತರ ಇಡೀ ಸ್ಕ್ರೀನ್ ತುಂಬ ಒಂದೇ ಬಣ್ಣ ತರಬೇಕು. ಸ್ಯಾಮ್‌ಸಂಗ್ ಫೋನುಗಳಲ್ಲಿ ಕರೆ ಮಾಡುವ ಜಾಗದಲ್ಲಿ *#0*# ಒತ್ತಿದರೆ, ಶಿಯೋಮಿ ಫೋನುಗಳಲ್ಲಿ *#*#6484#*#* ಒತ್ತಿದರೆ ತಯಾರಕರದೇ ಪರೀಕ್ಷಾ ಮೆನು ತೆರೆಯುತ್ತದೆ. ಕೆಲವು ಮಾದರಿಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಆಗ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಬೂದು, ಹೀಗೆ ಆರು ಅಚ್ಚ ಬಣ್ಣದ ಚಿತ್ರಗಳನ್ನು ಇಳಿಸಿಕೊಂಡು ಗ್ಯಾಲರಿಯಲ್ಲಿ ಪೂರ್ತಿ ಹಿಗ್ಗಿಸಿ ನೋಡಿದರೂ ಅದೇ ಫಲ.

ಎಲ್ಲ ಬಣ್ಣದಲ್ಲೂ ಕಪ್ಪಾಗಿಯೇ ಉಳಿಯುವುದು ಸತ್ತ ಪಿಕ್ಸೆಲ್. ಕಪ್ಪು ಪುಟದಲ್ಲೂ ಕೆಂಪಾಗಿಯೋ ಹಸಿರಾಗಿಯೋ ನೀಲಿಯಾಗಿಯೋ ಉರಿಯುವುದು ಸಿಕ್ಕಿಕೊಂಡ ಪಿಕ್ಸೆಲ್. ನೀಲಿ ಪುಟದಲ್ಲಿ ಮಾತ್ರ ಕಪ್ಪು ಚುಕ್ಕೆ ಕಂಡು ಕೆಂಪು, ಹಸಿರು ಪುಟಗಳಲ್ಲಿ ಸರಿಯಿದ್ದರೆ ಆ ಪಿಕ್ಸೆಲಿನ ನೀಲಿ ಭಾಗವೊಂದೇ ಸತ್ತಿದೆ. ಹಿಂಬದಿ ದೀಪದಿಂದ ಬೆಳಗುವ ಎಲ್‌ಸಿಡಿ ಪ್ಯಾನೆಲಿನಲ್ಲಿ ಸಿಕ್ಕಿಕೊಂಡ ಪಿಕ್ಸೆಲ್ ಬಣ್ಣಗಳನ್ನು ವೇಗವಾಗಿ ಬದಲಿಸುವ ಆ್ಯಪ್‌ನಿಂದ ಕೆಲವೊಮ್ಮೆ ಬಿಡಿಸಿಕೊಳ್ಳುವುದುಂಟು. ಸತ್ತದ್ದು ಮರಳಿ ಬರುವುದಿಲ್ಲ. ಹೊಸ ಫೋನಿನಲ್ಲಿ ಈ ಪ್ರಯತ್ನವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ತಾತ್ಕಾಲಿಕವಾಗಿ ಸರಿಹೋಗಿ, ಗಡುವು ಕಳೆದ ವಾರ ಮತ್ತೆ ಬಂದರೆ ಯಾರನ್ನು ಕೇಳುತ್ತೀರಿ?

ಒಂದೇ ಚುಕ್ಕೆಗೆ ಫೋನು ಬದಲಿಸಿ ಕೊಡುತ್ತಾರೆಯೇ ಎಂಬುದು ಕಷ್ಟದ ಪ್ರಶ್ನೆ. ಪಿಕ್ಸೆಲ್ ದೋಷಗಳನ್ನು ವರ್ಗೀಕರಿಸುವ ಐಎಸ್ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಶೂನ್ಯ ವರ್ಗದ ಪ್ಯಾನೆಲಿನಲ್ಲಿ ಒಂದೂ ದೋಷವಿರಬಾರದು, ಅದರ ಕೆಳಗಿನ ವರ್ಗಗಳಲ್ಲಿ 10 ಲಕ್ಷ ಪಿಕ್ಸೆಲ್‌ಗೆ ಇಂತಿಷ್ಟು ಎಂದು ರಿಯಾಯಿತಿ ಉಂಟು. ವಾರಂಟಿಯಲ್ಲಿ ಎಷ್ಟು ಚುಕ್ಕೆಯಾದರೆ ದೋಷವೆಂದು ಒಪ್ಪುತ್ತಾರೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಮಾರಾಟಗಾರರ ಹಿಂತಿರುಗಿಸುವ ಅವಧಿಯ ನಿಯಮ ಬೇರೆ, ವಾರಂಟಿಯ ನಿಯಮ ಬೇರೆ. ವಾರಂಟಿಯಲ್ಲಿ ತಳ್ಳಿಹಾಕುವ ಚುಕ್ಕೆಯನ್ನು ಮೊದಲ ದಿನಗಳಲ್ಲಿ ಮಾರಾಟಗಾರರು ಒಪ್ಪಬಹುದು. ಹಾಗಾಗಿ ಚುಕ್ಕೆ ಚಿಕ್ಕದಿದ್ದಷ್ಟೂ ಬೇಗ ಹೋಗಬೇಕು.

ಬಣ್ಣ, ಮಬ್ಬು, ಕಲೆ

ಸ್ಕ್ರೀನ್ ಹಳದಿ ಎನಿಸಿದರೆ ನೈಟ್ ಲೈಟ್, ಐ ಕಂಫರ್ಟ್, ರೀಡಿಂಗ್ ಮೋಡ್, ಐಫೋನಿನಲ್ಲಿ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ಇವುಗಳಲ್ಲಿ ಯಾವುದಾದರೂ ಆನ್ ಆಗಿದೆಯೇ ನೋಡಿ. ರಾತ್ರಿ ಇದ್ದಕ್ಕಿದ್ದಂತೆ ಎಲ್ಲ ಕಪ್ಪು ಬಿಳುಪಾದರೆ ಅದು ಬಹುತೇಕ ಬೆಡ್‌ಟೈಮ್ ಮೋಡ್. ಇವೆಲ್ಲವನ್ನೂ ಆಫ್ ಮಾಡಿದ ಮೇಲೂ ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಓಎಲ್‌ಇಡಿಯನ್ನು ಬಹಳ ಓರೆಯಾಗಿ ನೋಡಿದಾಗ ಬಿಳಿ ಸ್ವಲ್ಪ ನೀಲಿಗೆ ತಿರುಗುವುದು ಅದರ ಸ್ವಭಾವ, ದೋಷವಲ್ಲ.

ನಿಜವಾದ ಕಲೆ ಹುಡುಕಲು ಕತ್ತಲೆ ಕೋಣೆ ಬೇಕು. ಓಎಲ್‌ಇಡಿ ಆದರೆ ಗಾಢ ಬೂದು ಬಣ್ಣದ ಚಿತ್ರ ತೆರೆದು ಬೆಳಕನ್ನು ತೀರಾ ಕಡಿಮೆ ಮಾಡಿ. ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಗುಲಾಬಿ ಛಾಯೆ, ಮೋಡದಂಥ ತೇಪೆಗಳು ಆಗ ಎದ್ದು ಬರುತ್ತವೆ. ಸ್ವಲ್ಪಮಟ್ಟಿನ ಅಸಮತೆ ಬಹಳ ಪ್ಯಾನೆಲ್‌ಗಳಲ್ಲಿ ಇರುತ್ತದೆ. ದಿನನಿತ್ಯದ ಡಾರ್ಕ್ ಮೋಡ್‌ನಲ್ಲಿ ಓದುವಾಗಲೂ ಅದು ಕಣ್ಣಿಗೆ ಬೀಳುತ್ತದೆಯೇ ಎಂಬುದು ನನ್ನ ಅಳತೆಗೋಲು. ಎಲ್‌ಸಿಡಿ ಆದರೆ ಪೂರ್ತಿ ಕಪ್ಪು ಚಿತ್ರ ತೆರೆದು ಅಂಚುಗಳಲ್ಲಿ ಹಿಂಬದಿ ದೀಪದ ಬೆಳಕು ಸೋರುತ್ತಿದೆಯೇ ನೋಡಿ.

ಅದೇ ಬೂದು ಚಿತ್ರದಲ್ಲಿ ಕೀಬೋರ್ಡಿನದೋ, ಮೇಲಿನ ಬ್ಯಾಟರಿ ಗುರುತಿನದೋ ಮಸುಕಾದ ನೆರಳು ಕಂಡರೆ ಎಚ್ಚರವಾಗಿ. ಓಎಲ್‌ಇಡಿ ಪಿಕ್ಸೆಲ್‌ಗಳು ಬೆಳಗಿದಷ್ಟೂ ಸವೆಯುತ್ತವೆ. ಅದರಲ್ಲೂ ನೀಲಿ ಬೇಗ. ಒಂದೇ ಚಿತ್ರ ಬಹಳ ಕಾಲ ನಿಂತರೆ ಅದರ ಅಚ್ಚು ಉಳಿಯುತ್ತದೆ. ನಿನ್ನೆ ಡಬ್ಬಿ ಒಡೆದ ಫೋನಿನಲ್ಲಿ ಅದು ಇರಲು ಸಾಧ್ಯವಿಲ್ಲ. ಆ ಫೋನು ಅಂಗಡಿಯ ಪ್ರದರ್ಶನದಲ್ಲಿ ಇದ್ದದ್ದೋ, ಯಾರೋ ಬಳಸಿ ಹಿಂತಿರುಗಿಸಿದ್ದೋ ಆಗಿರಬಹುದು. ಸೀರಿಯಲ್ ಸಂಖ್ಯೆ ಕೊಟ್ಟು ವಾರಂಟಿ ಯಾವಾಗ ಶುರುವಾಗಿದೆ ಎಂದು ತಯಾರಕರಲ್ಲಿ ವಿಚಾರಿಸಿ. ಆ ದಿನಾಂಕ ನಿಮ್ಮ ಬಿಲ್ಲಿಗಿಂತ ಹಿಂದಿನದಾದರೆ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಿತು.

ಮಿಣುಕು

ಮೊದಲು ಆಟೊ ಬ್ರೈಟ್‌ನೆಸ್ ಆಫ್ ಮಾಡಿ. ನಿಮ್ಮ ಕೈಯ ನೆರಳು ಸೆನ್ಸರಿನ ಮೇಲೆ ಬೀಳುವುದರಿಂದಲೇ ಬೆಳಕು ಏರಿಳಿಯುವುದು ಸಾಮಾನ್ಯ. ನಂತರ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದನ್ನು, ಆಟೊದಿಂದ ತೆಗೆದು 60 ಹರ್ಟ್ಸ್‌ಗೆ ನಿಲ್ಲಿಸಿ ನೋಡಿ. 60ರಿಂದ 120ಕ್ಕೆ ಹಾರುವ ಕ್ಷಣದಲ್ಲಿ ಕಡಿಮೆ ಬೆಳಕಿನ ಬೂದು ಬಣ್ಣ ತುಸು ಬದಲಾಗಿ ಮಿಣುಕಿದಂತೆ ಕಾಣುವ ಫೋನುಗಳಿವೆ. 60ಕ್ಕೆ ನಿಲ್ಲಿಸಿದಾಗ ಅದು ನಿಂತರೆ ಅಪ್‌ಡೇಟ್‌ನಿಂದ ಸರಿಹೋಗುವ ಸಾಧ್ಯತೆಯಿದೆ. ಆದರೂ ದೂರು ದಾಖಲಿಸಿ. ಸ್ಥಿರವಾಗಿಟ್ಟರೂ ಮಿಣುಕಿದರೆ ಪ್ಯಾನೆಲ್ ಅಥವಾ ಅದರ ವಿದ್ಯುತ್ ಪೂರೈಕೆಯ ದೋಷ.

ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಮಾತ್ರ ಕಾಣುವ ಓಡುವ ಪಟ್ಟೆಗಳನ್ನು ದೋಷವೆಂದು ತಿಳಿಯಬೇಡಿ. ಹಲವು ಓಎಲ್‌ಇಡಿ ಫೋನುಗಳು ಬೆಳಕು ತಗ್ಗಿಸಲು ಪಿಕ್ಸೆಲ್‌ಗಳನ್ನು ಸೆಕೆಂಡಿಗೆ ನೂರಾರು, ಕೆಲವು ಹೊಸ ಮಾದರಿಗಳಲ್ಲಿ ಸಾವಿರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದ ಅದು ಕ್ಯಾಮೆರಾಗೆ ಕಾಣುತ್ತದೆ. ಕೆಲವರಿಗೆ ಇದರಿಂದ ನಿಜವಾಗಿ ತಲೆನೋವು ಬರುತ್ತದೆ. ಅಂಥವರಿಗೆ ಅದೇ ಮಾದರಿಯ ಬದಲಿ ಫೋನು ಪಡೆದು ಉಪಯೋಗವಿಲ್ಲ, ಬೇರೆ ಮಾದರಿಯೇ ಬೇಕು.

ಟಚ್ ತೊಂದರೆ

ಚಿತ್ರ ಸ್ವಚ್ಛವಾಗಿದೆ, ಆದರೆ ಒಂದು ಪಟ್ಟಿಯಲ್ಲಿ ಬೆರಳು ಕೆಲಸ ಮಾಡುವುದಿಲ್ಲ. ಅಥವಾ ಮುಟ್ಟದೆಯೇ ತಾನಾಗಿ ಅಕ್ಷರ ಒತ್ತಿಕೊಳ್ಳುತ್ತದೆ. ಟಚ್ ಪದರವೂ ಒಂದು ಜಾಲರಿಯೇ. ಬೆರಳು ಹತ್ತಿರ ಬಂದಾಗ ಬದಲಾಗುವ ವಿದ್ಯುತ್ ಧಾರಕತೆಯನ್ನು ಅದು ಅಳೆಯುತ್ತದೆ. ಆದ್ದರಿಂದ ಒದ್ದೆ ಕೈ, ದಪ್ಪ ಗಾಜು, ಕಳಪೆ ಚಾರ್ಜರ್ ತರುವ ವಿದ್ಯುತ್ ಗದ್ದಲ ಇವುಗಳಿಗೆ ಅದು ಬೇಗ ಮೋಸಹೋಗುತ್ತದೆ. ಚಾರ್ಜರ್ ತೆಗೆಯಿರಿ, ಗಾಜು ತೆಗೆಯಿರಿ, ಕೈ ಒರೆಸಿಕೊಂಡು ಮತ್ತೆ ನೋಡಿ. ಚಾರ್ಜಿಗೆ ಹಾಕಿದಾಗ ಮಾತ್ರ ತೊಂದರೆಯೆಂದರೆ ಡಬ್ಬಿಯಲ್ಲಿ ಬಂದ ಚಾರ್ಜರನ್ನೇ, ಇಲ್ಲವಾದರೆ ತಯಾರಕರು ಸೂಚಿಸಿದ್ದನ್ನೇ, ಬೇರೆ ಸಾಕೆಟ್ಟಿಗೆ ಹಾಕಿ ನೋಡಬೇಕು.

ಸತ್ತ ಪಟ್ಟಿ ಹುಡುಕಲು ಯಾವ ಆ್ಯಪ್ಪೂ ಬೇಡ. ಹೋಮ್ ಸ್ಕ್ರೀನಿನ ಒಂದು ಐಕಾನ್ ಮೇಲೆ ಬೆರಳು ಒತ್ತಿ ಹಿಡಿದು, ಎತ್ತದೆ, ಹೊಲ ಉಳುವಂತೆ ಸಾಲು ಸಾಲಾಗಿ ಇಡೀ ಸ್ಕ್ರೀನಿನ ಮೇಲೆ ಎಳೆಯುತ್ತ ಹೋಗಿ. ಎಲ್ಲಿ ಐಕಾನ್ ಕೈ ಜಾರಿ ಬೀಳುತ್ತದೋ ಅಲ್ಲಿ ತೊಂದರೆ. ಮೂರು ಸಲವೂ ಅಲ್ಲೇ ಬಿದ್ದರೆ ಖಚಿತ. ಆ್ಯಂಡ್ರಾಯ್ಡ್‌ನಲ್ಲಿ ಇನ್ನೂ ನಿಖರವಾಗಿ ನೋಡಬೇಕೆಂದರೆ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು ‘ಪಾಯಿಂಟರ್ ಲೊಕೇಶನ್’ ಆನ್ ಮಾಡಿ. ಬೆರಳು ಹೋದ ಹಾದಿ ಗೆರೆಯಾಗಿ ಮೂಡುತ್ತದೆ. ಗೆರೆ ತುಂಡಾದ ಜಾಗ, ಮುಟ್ಟದೆಯೇ ಗೆರೆ ಮೂಡಿದ ಜಾಗ, ಎರಡನ್ನೂ ವಿಡಿಯೊ ಮಾಡಿ.

ಏನೂ ಕಾಣದ ಕಪ್ಪು ಸ್ಕ್ರೀನ್

ಅರ್ಧ ಗಂಟೆ ಚಾರ್ಜಿಗೆ ಹಾಕಿ, ಬಲವಂತದ ರೀಸ್ಟಾರ್ಟ್ ಮಾಡಿ. ಹಲವು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಎರಡನ್ನೂ ಹತ್ತು ಹದಿನೈದು ಸೆಕೆಂಡು ಹಿಡಿಯಬೇಕು. ಐಫೋನ್ 8 ಮತ್ತು ಅದರ ನಂತರದವುಗಳಲ್ಲಿ ವಾಲ್ಯೂಮ್ ಅಪ್ ಒತ್ತಿ ಬಿಟ್ಟು, ವಾಲ್ಯೂಮ್ ಡೌನ್ ಒತ್ತಿ ಬಿಟ್ಟು, ಲೋಗೊ ಬರುವವರೆಗೆ ಪಕ್ಕದ ಬಟನ್ ಹಿಡಿಯಬೇಕು. ಆಮೇಲೂ ಕತ್ತಲೆಯೇ, ಆದರೆ ಕರೆ ಮಾಡಿದರೆ ರಿಂಗ್ ಆಗುತ್ತದೆ, ಕಂಪನ ಬರುತ್ತದೆ ಎಂದರೆ ಫೋನು ಬದುಕಿದೆ, ಡಿಸ್‌ಪ್ಲೇ ಸತ್ತಿದೆ. ಎಲ್‌ಸಿಡಿ ಆದರೆ ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಹಿಂಬದಿ ದೀಪ ಮಾತ್ರ ಹೋಗಿದೆ. ಓಎಲ್‌ಇಡಿಗೆ ಹಿಂಬದಿ ದೀಪವೇ ಇಲ್ಲದ್ದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕರೆ ಮಾಡುವಾಗ ಮಾತ್ರ ಕಪ್ಪಾಗಿ ಹಾಗೇ ಉಳಿದರೆ, ಮೇಲಂಚಿನ ಸೆನ್ಸರನ್ನು ಹಾಳೆಯೋ ಗಾಜೋ ಮುಚ್ಚಿದೆಯೇ ನೋಡಿ.

ಮಾಡಲೇಬಾರದವು

ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಉಜ್ಜಿ ಒತ್ತುವುದು, ಫ್ರಿಜ್ಜಿನಲ್ಲಿ ಇಡುವುದು, ಹೇರ್ ಡ್ರೈಯರ್ ಬಿಸಿ ತೋರಿಸುವುದು, ಗೆರೆ ಹೋಗುತ್ತದೆಂದು ಫೋನನ್ನು ತುಸು ಬಾಗಿಸುವುದು. ಒಂದು ಚುಕ್ಕೆ ಇದ್ದಲ್ಲಿ ಹತ್ತು ಮಾಡಿಕೊಳ್ಳುವ ದಾರಿಗಳಿವು. ಎಲ್ಲಕ್ಕಿಂತ ಮುಖ್ಯವಾಗಿ, ಅಧಿಕೃತರಲ್ಲದವರ ಕೈಯಲ್ಲಿ ಬಿಚ್ಚಿಸಬೇಡಿ. ಒಳಗಿನ ಸೀಲ್ ಒಮ್ಮೆ ಹರಿದರೆ ಕಾರ್ಖಾನೆಯ ದೋಷವೂ ನಿಮ್ಮ ತಲೆಗೆ ಬರುತ್ತದೆ.

ಹಿಂತಿರುಗಿಸುವಾಗ

ದೂರನ್ನು ಬರಹದಲ್ಲೇ ಕೊಡಿ. ‘ಡಿಸ್‌ಪ್ಲೇ ಸರಿಯಿಲ್ಲ’ ಎಂದು ಬರೆದರೆ ರೀಸೆಟ್ ಮಾಡಿ ನೋಡಿ ಎಂಬ ಉತ್ತರ ಬರುತ್ತದೆ. ನಾವು ಬರೆದದ್ದು ಹೀಗಿತ್ತು: ‘ಬಲ ಅಂಚಿನಿಂದ ಸುಮಾರು 15 ಮಿಲಿಮೀಟರ್ ಒಳಗೆ ಪೂರ್ತಿ ಉದ್ದಕ್ಕೆ ಒಂದು ಪಿಕ್ಸೆಲ್ ಅಗಲದ ಹಸಿರು ಗೆರೆ. ಕಪ್ಪು ಹಿನ್ನೆಲೆಯಲ್ಲಿ ಸದಾ ಕಾಣುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲ. ಆನ್ ಆಗುವಾಗ ಲೋಗೊ ಮೇಲೂ ಇದೆ. ಅಪ್‌ಡೇಟ್ ಮತ್ತು ಫ್ಯಾಕ್ಟರಿ ರೀಸೆಟ್ ಆದ ಮೇಲೂ ಇದೆ. ಗಾಜಿನಲ್ಲಿ ಬಿರುಕಿಲ್ಲ, ವಿಡಿಯೊ ಲಗತ್ತಿಸಿದೆ.’ ಇಷ್ಟು ಬರೆದ ಮೇಲೆ ದೂರವಾಣಿಯಲ್ಲಿ ಹೇಳಿಕೊಡುವ ಹಂತಗಳೆಲ್ಲ ಮುಗಿದಂತೆಯೇ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಡುವಿನ ಲೆಕ್ಕಕ್ಕೆ ಬೇಕಾಗುವುದು ಆ ಸಂಖ್ಯೆ ಸಿಕ್ಕ ದಿನ. ಸರ್ವಿಸ್ ಸೆಂಟರಿನಿಂದ ದೋಷದ ಪತ್ರ ತನ್ನಿ ಎಂದರೆ ಅದೇ ದಿನ ಹೋಗಿ.

ಕೌಂಟರಿನಲ್ಲಿದ್ದವರು ಫೋನನ್ನು ತಿರುಗಿಸಿ ನೋಡಿ, “ಎಲ್ಲಾದ್ರೂ ಬಿದ್ದಿತ್ತಾ ಮೇಡಂ?” ಎಂದು ಕೇಳಿದರು. ತಂಗಿ, “ಇಲ್ಲ ಸರ್, ನೀವೇ ನೋಡಿ” ಎಂದು ತನ್ನ ಹಳೆಯ ಫೋನಿನ ಟಾರ್ಚ್ ಹಾಕಿ ಗಾಜಿನ ಮೇಲೆ ಓರೆಯಾಗಿ ಹಿಡಿದಳು. ಮೊದಲ ದಿನದ ವಿಡಿಯೊ ನಮ್ಮಲ್ಲಿ ಇರಲಿಲ್ಲ, ಐದನೇ ದಿನದ್ದು ಮಾತ್ರ ಇತ್ತು. ಅವರು ಭೂತಗನ್ನಡಿ ತಂದು ನಾಲ್ಕು ಮೂಲೆ, ಚೌಕಟ್ಟಿನ ಅಂಚು, ಚಾರ್ಜಿಂಗ್ ರಂಧ್ರದೊಳಗಿನ ತೇವದ ಗುರುತು ಎಲ್ಲ ನೋಡಿದರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಕಾಗದದ ಮೇಲೆ ‘ಪ್ಯಾನೆಲ್ ದೋಷ, ಭೌತಿಕ ಹಾನಿ ಇಲ್ಲ’ ಎಂದು ಬರೆದು ಸಹಿ ಹಾಕಿದರು. ಆ ಹತ್ತು ನಿಮಿಷ ತಂಗಿ ಉಸಿರು ಬಿಗಿಹಿಡಿದು ನಿಂತದ್ದು ನನಗೆ ನೆನಪಿದೆ.

ಕೊಡುವ ಮೊದಲು ಫೋಟೊ, ಚಾಟ್‌ಗಳ ಬ್ಯಾಕಪ್ ತೆಗೆದು, ಗೂಗಲ್ ಖಾತೆಯಿಂದ ಹೊರಬಂದು, ಆಮೇಲೆ ರೀಸೆಟ್ ಮಾಡಿ. ಈ ಅನುಕ್ರಮ ತಪ್ಪಬಾರದು. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಆ್ಯಂಡ್ರಾಯ್ಡ್ 5.1ರಿಂದ ಬಂದಿರುವ ರಕ್ಷಣಾ ಬೀಗ ಬಿದ್ದು, ಮುಂದಿನವರು ನಿಮ್ಮ ಪಾಸ್‌ವರ್ಡ್ ಇಲ್ಲದೆ ತೆರೆಯಲಾರರು. ಅದೇ ಕಾರಣಕ್ಕೆ ಫೋನು ವಾಪಸ್ ಬರುವುದೂ ಉಂಟು. ಐಫೋನಿನಲ್ಲಿ ‘ಫೈಂಡ್ ಮೈ’ ಆಫ್ ಮಾಡಬೇಕು. ಟಚ್ ಕೆಲಸ ಮಾಡದ ಆ್ಯಂಡ್ರಾಯ್ಡ್ ಫೋನಿಗೆ ಚಾರ್ಜಿಂಗ್ ರಂಧ್ರಕ್ಕೆ ಸಿಕ್ಕಿಸುವ ಓಟಿಜಿ ಅಡಾಪ್ಟರ್ ಮೂಲಕ ಕಂಪ್ಯೂಟರಿನ ಮೌಸ್ ಸಿಕ್ಕಿಸಿದರೆ ಬಾಣದ ಗುರುತು ಬರುತ್ತದೆ, ಅದರಿಂದಲೇ ಎಲ್ಲ ಮುಗಿಸಬಹುದು. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಪಿಕಪ್‌ಗೆ ಬಂದವರ ಎದುರೇ ಐಎಂಇಐ ಸಹಿತ ಡಬ್ಬಿ ಮುಚ್ಚುವ ವಿಡಿಯೊ ತೆಗೆದುಕೊಳ್ಳಿ.

ಬದಲಿ ಫೋನು ಬಂದಾಗ ಮೊದಲು ಖಾತೆ ಹಾಕಬೇಡಿ. ಡಬ್ಬಿ ಒಡೆಯುವಾಗಿನಿಂದಲೇ ವಿಡಿಯೊ ಓಡಲಿ. ಆರು ಬಣ್ಣಗಳು, ಕತ್ತಲಲ್ಲಿ ಬೂದು, ಐಕಾನ್ ಎಳೆಯುವ ಪರೀಕ್ಷೆ, ಚಾರ್ಜಿಗೆ ಹಾಕಿ ಮತ್ತೊಮ್ಮೆ ಅದೇ, ಒಟ್ಟು ಇಪ್ಪತ್ತು ನಿಮಿಷದ ಕೆಲಸ. ತಂಗಿ ಎರಡನೇ ಫೋನು ಬಂದ ದಿನ ಮಧ್ಯಾಹ್ನವೇ ಕಿಟಕಿಯ ಪರದೆ ಎಳೆದು, ಹೊದಿಕೆಯೊಳಗೆ ಕೂತು, ಕಪ್ಪು ಚಿತ್ರ ತೆರೆದು ಅಂಚಿನಿಂದ ಅಂಚಿಗೆ ನೋಡಿದಳು. ಆಮೇಲಷ್ಟೇ ಸಿಮ್ ಹಾಕಿದಳು.